ಅತ್ತೆಯ ಕೋಪ, ವಿಮಾನದ ಬಾಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರತ್ತೆಯ ಧ್ವನಿ ಕದ್ದು, ಅವರದೇ ವಿಮಾನದ ಬಾಲದ ನಟ್ಟುಗಳನ್ನು ಪಾಸ್ ಮಾಡಿದ ಕತ್ತೆ ನಾನೇ. ಕತ್ತೆ ಎಂಬ ಪದ ನನ್ನದಲ್ಲ, ಅತ್ತೆಯದು. ಅವತ್ತು ಅವರು ಬಳಸಿದ ಪದಗಳಲ್ಲಿ ಅಚ್ಚು ಹಾಕಬಹುದಾದದ್ದು ಅದೊಂದೇ!

ನಮ್ಮ ಅತ್ತೆಗೆ ಕೋಪ ಬರುತ್ತದೆ ಎಂದು ನೆಂಟರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಬರಬೇಕಾದರೆ ಒಮ್ಮೆಯಾದರೂ ಹೋಗಿರಬೇಕಲ್ಲ? ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಸರಿಯಾಗಿ ಕತ್ತರಿಸಲಿಲ್ಲವೆಂದು ಮಾವನ ಮೇಲೆ, ಹತ್ತು ಗಂಟೆಗೆ ಹಾರ್ನ್ ಹೊಡೆದ ಕೊರಿಯರ್‌ನವನ ಮೇಲೆ, ಮಧ್ಯಾಹ್ನ ಟಿವಿಯಲ್ಲಿ ತಪ್ಪು ಲೆಕ್ಕ ಹೇಳಿದ ಹವಾಮಾನದವಳ ಮೇಲೆ. ಮಧ್ಯೆ ಬಿಡುವಾದರೆ ನಮ್ಮಪ್ಪನಿಗೆ ಫೋನ್. ಅಪ್ಪ ಅವರ ಸ್ವಂತ ತಮ್ಮ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಈಗಲೂ ಅಕ್ಕನ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತಾರೆ.

ವಿಮಾನ ಎಂದೆನಲ್ಲ, ಆಟಿಕೆಯದು ಎಂದುಕೊಳ್ಳಬೇಡಿ. ಮನುಷ್ಯರು ಕೂತು ಹಾರುವ ವಿಮಾನ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದ ಅತ್ತೆ ಎಲ್ಲರಂತೆ ಯೋಗ, ಭಜನೆ ಎಂದು ಹೋಗದೆ ಹಾರಲು ಕಲಿತು ಬಂದರು. ಕಲಿತ ಮೇಲೆ ಬೇರೆಯವರ ವಿಮಾನದ ನಟ್ಟುಗಳ ಮೇಲೆ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಕಟ್ಟಲು ಕೂತರು. ಮನೆ ಇರುವುದು ಜೆ.ಪಿ. ನಗರದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ವಾಕಿಂಗ್ ಹೋಗುವವರ ದಾರಿಯಲ್ಲಿ. ಕಾರಿನ ಶೆಡ್ಡಿನಲ್ಲಿ ವಿಮಾನದ ಮೈ. ರೆಕ್ಕೆಗಳೆರಡೂ ನಡುಮನೆಯ ಗೋಡೆಗೆ ಒರಗಿವೆ. ಮಾವ ಟಿವಿ ನೋಡಬೇಕೆಂದರೆ ಎಡರೆಕ್ಕೆಯ ಕೆಳಗಿನಿಂದ ಕತ್ತು ಚಾಚಿ ನೋಡಬೇಕು. ಕಾರು ಬೀದಿಯಲ್ಲಿ, ಪಕ್ಕದ ಮನೆಯವರ ಕಾಂಪೌಂಡಿಗೆ ಅಂಟಿಕೊಂಡು. ಆದರೆ ಇವರ ಗೇಟಿನ ಮುಂದೆ ಯಾರಾದರೂ ಒಂದು ಸ್ಕೂಟರ್ ನಿಲ್ಲಿಸಿ ನೋಡಲಿ!

ಈ ಕೋಪಕ್ಕೆಲ್ಲ ಕೇಂದ್ರ ಒಂದು ನಟ್ಟು. ಮಾಮೂಲಿ ನಟ್ಟಲ್ಲ, ತನ್ನನ್ನು ತಾನೇ ಬಿಗಿಹಿಡಿದುಕೊಳ್ಳುವ ನಟ್ಟು. ಅದರ ಬಾಯಿಯ ಒಳಗೆ ನೈಲಾನಿನ ಒಂದು ಬಳೆ ಇರುತ್ತದೆ. ಅದು ಬೋಲ್ಟಿನ ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಎಂಜಿನ್ ಎಷ್ಟು ನಡುಗಿದರೂ ಬಿಡುವುದಿಲ್ಲ. ಸ್ವಭಾವದಲ್ಲಿ ಥೇಟ್ ಅತ್ತೆ. ಇದನ್ನು ಬಿಗಿ ಮಾಡುವುದರಲ್ಲಿ ಏನಿದೆ ಮಹಾ, ಸ್ಪ್ಯಾನರ್ ಹಾಕಿ ತಿರುಗಿಸಿದರಾಯಿತು ಎಂದು ನಾನು ಒಮ್ಮೆ ಅಂದೆ. ಒಮ್ಮೆ ಮಾತ್ರ.

"ಬಾ ಇಲ್ಲಿ," ಎಂದರು ಅತ್ತೆ. "ತರಕಾರಿ ತೂಗೋವಾಗ ತಟ್ಟೆ ತೂಕ ಬೇರೆ ಇಡ್ತಾರೋ ಇಲ್ವೋ?"

"ಇಡ್ತಾರೆ."

"ಇಡದೆ ತೂಗಿದ್ರೆ?"

"ಬೆಂಡೆಕಾಯಿ ಕಮ್ಮಿ ಬರುತ್ತೆ."

"ಹ್ಞಾಂ! ಈ ನಟ್ಟು ತಗಡನ್ನ ಮುಟ್ಟೋಕೆ ಮುಂಚೇನೇ ತಿರುಗೋಕೆ ಮೊಂಡಾಟ ಮಾಡುತ್ತೆ. ಬಳೆ ಕಚ್ಚುತ್ತಲ್ಲ, ಅದಕ್ಕೆ. ಆ ಮೊಂಡಾಟ ಎಷ್ಟು ಅಂತ ಮೊದಲು ಈ ಮುಳ್ಳಲ್ಲಿ ನೋಡ್ಬೇಕು. ಹನ್ನೆರಡು ಬಂತು ಅನ್ನು. ಪುಸ್ತಕ ಐವತ್ತು ಅನ್ನುತ್ತೆ. ಎರಡೂ ಕೂಡಿಸಿ ಅರವತ್ತೆರಡಕ್ಕೆ ಬಿಗೀಬೇಕು. ಬರೀ ಐವತ್ತಕ್ಕೆ ನಿಲ್ಲಿಸಿದ್ಯೋ, ಅದರಲ್ಲಿ ಹನ್ನೆರಡು ಬಳೆ ಜೊತೆ ಜಗಳಕ್ಕೇ ಖರ್ಚಾಯ್ತು. ತಗಡಿಗೆ ಸಿಕ್ಕಿದ್ದು ಮೂವತ್ತೆಂಟು. ತಟ್ಟೆ ತೂಗಿಸ್ಕೊಂಡು ಬೆಂಡೆಕಾಯಿ ಅಂತ ಮನೆಗೆ ತಂದಂಗೆ. ನಿಮ್ಮಪ್ಪ ತರಲ್ವಾ, ಹಾಗೆ!"

ಮುಳ್ಳು ಎಂದರೆ ಟಾರ್ಕ್ ರೆಂಚಿನ ಮುಳ್ಳು. ನಾವು ಎಷ್ಟು ಬಲ ಹಾಕುತ್ತಿದ್ದೇವೆಂದು ತೋರಿಸುವ ಸ್ಪ್ಯಾನರ್ ಅದು. ಇಷ್ಟಕ್ಕೇ ಮುಗಿಯಲಿಲ್ಲ. ತಿರುಗಿಸಬೇಕಾದ್ದು ನಟ್ಟನ್ನು, ಬೋಲ್ಟಿನ ತಲೆಯನ್ನು ಇನ್ನೊಬ್ಬರು ಅಲ್ಲಾಡದಂತೆ ಹಿಡಿದಿರಬೇಕು. ಬಿಗಿದಾದ ಮೇಲೆ ಬೋಲ್ಟಿನ ತುದಿ ನಟ್ಟಿನಾಚೆ ಒಂದು ಸುತ್ತಾದರೂ ಇಣುಕಬೇಕು. ಬಿಚ್ಚಿದ ನಟ್ಟನ್ನು ಮತ್ತೆ ಹಾಕುವಂತಿಲ್ಲ; ಬಳೆ ಸವೆದು ಹಿಡಿತ ಕಳೆದುಕೊಂಡಿರುತ್ತದೆ. ಎಲ್ಲ ಸರಿಯಿದ್ದರೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಕೆಂಪು ಗೆರೆ. ನಟ್ಟು ಒಂದು ಕೂದಲೆಳೆ ತಿರುಗಿದರೂ ಆ ಗೆರೆ ಬಿರುಕು ಬಿಡುತ್ತದೆ.

ಈ ಬಿಚ್ಚಿದ ನಟ್ಟುಗಳೇ ಆ ಮನೆಯ ದಾಂಪತ್ಯದ ದೊಡ್ಡ ಸಮಸ್ಯೆ. ಮಾವ ಯಾವುದನ್ನೂ ಬಿಸಾಡದ ಜಾತಿ. ಹಳೆಯ ನಟ್ಟುಗಳನ್ನು ಕದ್ದು ತುಳಸಿಕಟ್ಟೆಯ ಗ್ರಿಲ್ಲಿಗೆ, ಪರದೆಯ ಕಂಬಿಗೆ, ಕುಕ್ಕರಿನ ಹಿಡಿಗೆ ಹಾಕತೊಡಗಿದರು. ಒಂದು ಭಾನುವಾರ ಕುಕ್ಕರಿನ ಹಿಡಿ ಅತ್ತೆಯ ಕೈಗೇ ಬಂತು. ಅಂದಿನಿಂದ ಬಿಚ್ಚಿದ ಪ್ರತಿ ನಟ್ಟನ್ನೂ ಅತ್ತೆ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಕುಟ್ಟಿ, ಚಪ್ಪಟೆ ಮಾಡಿಯೇ ಎಸೆಯುವುದು. ಮಾವ ಆ ಶಬ್ದ ಕೇಳಿಸಿಕೊಂಡು, "ಪಾಪ, ಚೆನ್ನಾಗಿತ್ತು ಕಣೇ," ಎಂದು ಅಡುಗೆಮನೆಯಿಂದ ನಿಟ್ಟುಸಿರು ಬಿಡುತ್ತಾರೆ.

ಬನಶಂಕರಿಯ ಛತ್ರವೊಂದರಲ್ಲಿ ನಮ್ಮ ಅಕ್ಕನ ನಿಶ್ಚಿತಾರ್ಥ. ವೇದಿಕೆಯ ಮೇಲಿನ ಫ್ಯಾನು ಸ್ವಲ್ಪ ಓಲಾಡುತ್ತಿತ್ತು. ಸ್ವಲ್ಪ ಅಂದರೆ ನಮಗೆ ಸ್ವಲ್ಪ. ಅತ್ತೆ ಎದ್ದರು, ಪುರೋಹಿತರ ಮಂತ್ರ ನಿಲ್ಲಿಸಿದರು, ಏಣಿ ತರಿಸಿದರು. ಪುರೋಹಿತರು ಗಡಿಯಾರ ತೋರಿಸಿ, "ಅಮ್ಮಾ, ಮುಹೂರ್ತ ಮೀರುತ್ತೆ," ಎಂದರು. ಅತ್ತೆ ಏಣಿಯ ಮೇಲಿನಿಂದಲೇ, "ಮುಹೂರ್ತ ಹೋದ್ರೆ ಇನ್ನೊಂದು ಬರುತ್ತೆ ಸ್ವಾಮಿ. ಫ್ಯಾನು ಬಿದ್ರೆ ಅಳಿಯ ಇನ್ನೊಬ್ಬ ಬರಲ್ಲ!" ಎಂದರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಅಳಿಯ ಮಾತ್ರ ಆಗಲೇ ಕುರ್ಚಿ ಸರಿಸಿಕೊಂಡಿದ್ದ. ಈಗಲೂ ಅತ್ತೆ ಕಂಡರೆ ಮೊದಲು ಕಾಲಿಗೆ ಬೀಳುವವನು ಅವನೇ.

ಇನ್ನು ನನ್ನ ವಿಷಯ. ನನ್ನ ಕಸುಬು, ಬೇರೆಯವರ ಧ್ವನಿ. ಮೆಟ್ರೋದ ಹೆಂಗಸಿನಿಂದ ಹಿಡಿದು ನಮ್ಮ ಬೀದಿಯ ಸೊಪ್ಪಿನವನವರೆಗೆ ಯಾರನ್ನು ಬೇಕಾದರೂ ಗಂಟಲಿಗಿಳಿಸಿಕೊಳ್ಳುತ್ತೇನೆ. ಬಿಟಿಎಂ ಲೇಔಟಿನ ಗೆಳೆಯರ ರೂಮಿನಲ್ಲಿ ನಾನಿಲ್ಲದೆ ಹುಟ್ಟುಹಬ್ಬ ಆಗುವುದಿಲ್ಲ. ಸ್ವಂತ ಧ್ವನಿಯಲ್ಲಿ ಕೊಟ್ಟ ಇಂಟರ್ವ್ಯೂಗಳಲ್ಲಿ ಮಾತ್ರ ಎಲ್ಲಾ ಕಡೆ ಫೇಲ್. ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುವುದು ಅತ್ತೆಗೆ. "ಮಗಾ, ಒಂದ್ಸಲ ಅತ್ತೆ ಮಾಡೋ!" ಎಂದು ಅವರನ್ನು ಕಂಡಿರದವರೂ ಕೇಳುತ್ತಾರೆ. ಗುಟ್ಟು ಹೇಳಬೇಕೆಂದರೆ, ಅತ್ತೆಯ ಬೈಗುಳ ಶಬ್ದದಲ್ಲಿಲ್ಲ, ಅದಕ್ಕೆ ಮೊದಲು ಮೂಗಿನಿಂದ ಎಳೆದುಕೊಳ್ಳುವ ಉಸಿರಿನಲ್ಲಿದೆ.

ಭಾನುವಾರಗಳಲ್ಲಿ ಶೆಡ್ಡಿಗೆ ಹೋಗಿ ಸಹಾಯ ಮಾಡುವುದು ನನ್ನ ಕೆಲಸವಾಗಿತ್ತು. ಆ ಭಾನುವಾರ ಬಾಲದ ಸರದಿ. ನನ್ನ ಕೈಗೆ ರೆಂಚ್ ಕೊಟ್ಟರು. ನಾನು ಬುದ್ಧಿವಂತ ನೋಡಿ, ನಟ್ಟಿಗೆ ಕೈ ಸರಿಯಾಗಿ ಹೋಗುವುದಿಲ್ಲವೆಂದು ಬೋಲ್ಟಿನ ತಲೆಯನ್ನೇ ತಿರುಗಿಸಿ ಬಿಗಿದುಬಿಟ್ಟೆ. ಅತ್ತೆ ಮೂಗಿನಿಂದ ಉಸಿರೆಳೆದುಕೊಂಡರು. ನಟ್ಟು ಬಿಚ್ಚಿಸಿದರು. ಕಲ್ಲಿನ ಮೇಲಿಟ್ಟರು. ನನ್ನ ಕಣ್ಣ ಮುಂದೆಯೇ ಕುಟ್ಟಿದರು. ಆಮೇಲೆ ರೆಂಚ್ ಕಿತ್ತುಕೊಂಡು ಪೊರಕೆ ಕೊಟ್ಟರು.

"ನಿನ್ನ ಕೈಗೆ ಇದು ಸಾಕು. ಇದಕ್ಕೆ ಟಾರ್ಕ್ ಬೇಡ."

ಗೇಟಿನಾಚೆ ಎಳನೀರು ಕುಡಿಯುತ್ತಿದ್ದ ಇಬ್ಬರು ಹುಡುಗಿಯರು ನಕ್ಕರು. ನನಗೆ ಬಂತು ನೋಡಿ ಕೋಪ! ಪದವೀಧರ, ಇಪ್ಪತ್ತಾರು ದಾಟಿದವನು, ಕೈಯಲ್ಲಿ ಪೊರಕೆ, ಕಾಲಡಿಯಲ್ಲಿ ಅಲ್ಯೂಮಿನಿಯಂ ಚೂರು. ನಮ್ಮ ವಂಶದ ಕೋಪ ನನ್ನಲ್ಲೂ ಇಲ್ಲವೇ? ಮೈಯೆಲ್ಲಾ ಉರಿಯುತ್ತಾ ಗುಡಿಸಿದೆ. ಚೂರಿಗಿಂತ ಧೂಳು ಹೆಚ್ಚಾಯಿತು.

ಬಾಲದ ಕೆಲಸದ ಕ್ರಮ ಹೀಗೆ. ಮಾವ ಮಲಗಿಕೊಂಡು ಸೊಂಟದವರೆಗೆ ಬಾಲದ ಒಳಗೆ ತೂರಿಕೊಳ್ಳುತ್ತಾರೆ. ಅರ್ಧ ಮಾವ ವಿಮಾನದಲ್ಲಿ, ಅರ್ಧ ಮಾವ ಶೆಡ್ಡಿನಲ್ಲಿ. ಅತ್ತೆ ಹೊರಗೆ ನಿಂತು ಬೋಲ್ಟಿನ ತಲೆ ಹಿಡಿಯುತ್ತಾರೆ. ಮಾವ ಒಳಗಿನಿಂದ ನಟ್ಟಿನ ಮೊಂಡಾಟ ಎಷ್ಟೆಂದು ಕೂಗುತ್ತಾರೆ. ಅತ್ತೆ ಮನಸ್ಸಿನಲ್ಲೇ ಕೂಡಿಸಿ ಮೊತ್ತ ಹೇಳುತ್ತಾರೆ. ಮಾವ ಅಷ್ಟಕ್ಕೆ ಬಿಗಿಯುತ್ತಾರೆ. ಅತ್ತೆ ಹಲ್ಲಿನ ಡಾಕ್ಟರರ ಬಳಿ ಇರುವಂಥ ಪುಟ್ಟ ಕನ್ನಡಿಯಲ್ಲಿ ಒಳಗೆ ಇಣುಕಿ ನೋಡಿ, "ಗೆರೆ ಎಳೀರಿ!" ಎನ್ನುತ್ತಾರೆ. ಆಗ ಮಾವ ಕೆಂಪು ಗೆರೆ ಎಳೆಯುತ್ತಾರೆ. ಆ ಎರಡು ಪದ ಬೀಳದೆ ಮಾವ ಗೆರೆ ಎಳೆದದ್ದಿಲ್ಲ. ಮದುವೆಯಾದಾಗಿನಿಂದಲೂ ಇಲ್ಲ ಎನ್ನಿ.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಕಾರು ಬಂದು ನಿಂತಿತು.

"ಇರಿ, ಬಂದೆ," ಎಂದು ಅತ್ತೆ ಸ್ಪ್ಯಾನರ್ ಕೆಳಗಿಟ್ಟು ಗೇಟಿಗೆ ಹೋದರು. ಅಲ್ಲಿ ಯುದ್ಧ ಶುರುವಾಯಿತು, ತಗಡಿನೊಳಗೆ ತಲೆಯಿಟ್ಟ ಮಾವನಿಗೆ ಕೇಳಿಸದಷ್ಟು ದೂರದಲ್ಲಿ. "ಬೋರ್ಡು ಕಾಣಲ್ವೇನ್ರೀ?" "ಎರಡೇ ನಿಮಿಷ ಆಂಟಿ." "ಆಂಟಿ? ಯಾರಿಗ್ರೀ ಆಂಟಿ?"

ನಾನು ಪೊರಕೆ ಕೆಳಗಿಟ್ಟೆ. ಸ್ಪ್ಯಾನರ್ ಎತ್ತಿಕೊಂಡೆ. ಬೋಲ್ಟಿನ ತಲೆ ಹಿಡಿದೆ. ಮೂಗಿನಿಂದ ಉಸಿರೆಳೆದುಕೊಂಡೆ.

"ಹ್ಞೂಂ, ಎಷ್ಟು ಮೊಂಡಾಟ ಮಾಡ್ತಿದೆ?"

"ಹದಿನಾಲ್ಕು ಕಣೇ," ಎಂದಿತು ಒಳಗಿನ ಅರ್ಧ ಮಾವ.

ಕೂಡಿಸುವುದು ನನಗೆ ಹೊಳೆಯಲೇ ಇಲ್ಲ. ಧ್ವನಿ ಸರಿಯಾಗಿ ಬರುವುದರ ಕಡೆಗೇ ನನ್ನ ಧ್ಯಾನ. ಕಲಾವಿದನಿಗೆ ಲೆಕ್ಕ ಯಾಕೆ? "ಐವತ್ತು," ಎಂದೆ. ಮಾವ ಬಿಗಿದರು. "ಗೆರೆ ಎಳೀರಿ!" ಎಳೆದರು. ಇನ್ನೊಂದು. ಮತ್ತೊಂದು. ಎಲ್ಲದಕ್ಕೂ ಐವತ್ತೇ. ನಡುವೆ, "ಕೈ ನಡುಗಿಸಬೇಡ್ರೀ!" ಎಂದು ಒಂದು ಬೈಗುಳವನ್ನೂ ಸೇರಿಸಿದೆ. ಮಾವ, "ಇಲ್ಲ ಇಲ್ಲ," ಎಂದರು. ಗೇಟಿನಲ್ಲಿ ಅತ್ತೆ ಗೆದ್ದು ಹಿಂತಿರುಗುವಷ್ಟರಲ್ಲಿ ನಾನು ಸಭ್ಯನಾಗಿ ಮೂಲೆ ಗುಡಿಸುತ್ತಿದ್ದೆ. ಆ ರಾತ್ರಿ ಬಿಟಿಎಂನಲ್ಲಿ ಇದನ್ನು ಅಭಿನಯಿಸಿ ತೋರಿಸಿದಾಗ ಗೆಳೆಯನೊಬ್ಬ ನಕ್ಕು ಮಂಚದಿಂದ ಬಿದ್ದ. "ಸಖತ್ ಗುರು!" ಎಂದ. ಸಖತ್ತೇ.

ಬಾಲದ ತಗಡು ಮುಚ್ಚುವ ಮುನ್ನ ಪ್ರತಿ ನಟ್ಟಿಗೂ ಇನ್ನೊಮ್ಮೆ ರೆಂಚ್ ಇಟ್ಟು ನೋಡುವುದು ಅತ್ತೆಯ ಪದ್ಧತಿ. ಮುಂದಿನ ಭಾನುವಾರ ನಾನು ಹೋಗುವಾಗ ಅದು ನಡೆಯುತ್ತಿತ್ತು. ಒಂದು ನಟ್ಟಿಗೆ ರೆಂಚ್ ಹಾಕಿ ಮಾವ ಎಳೆದಾಗ, ಮುಳ್ಳು ಅರವತ್ತು ಮುಟ್ಟುವ ಮೊದಲೇ ನಟ್ಟು ಸರಿಯಿತು, ಕೆಂಪು ಗೆರೆ ಟಕ್ಕನೆ ಬಿರಿಯಿತು.

"ಇದನ್ನ ಎಷ್ಟಕ್ಕೆ ಬಿಗಿದ್ರಿ?" ಎಂದರು ಅತ್ತೆ.

"ನೀನು ಹೇಳಿದಷ್ಟಕ್ಕೆ. ಐವತ್ತು."

"ನಾನಾ? ಕೂಡಿಸದೇನೇ ಐವತ್ತು ಅಂದ್ನಾ?"

"ಅಂದೆ."

"ಅನ್ನಲಿಲ್ಲ!"

"ಅಯ್ಯೋ, ನನ್ನ ಕಿವೀಲಿ ಕೇಳಿದೀನಿ ಕಣೇ! ಗೆರೆ ಎಳೀರಿ ಅಂದೆ. ಕೈ ನಡುಗಿಸಬೇಡ್ರೀ ಅಂತ ಬೈದೆ ಬೇರೆ!"

"ನಿಮ್ಮ ಕಿವಿ ತೋರಿಸ್ಕೊಳ್ಳಿ ಮೊದಲು."

"ನನ್ನ ಕಿವಿ ಸರಿಗಿದೆ. ನಲವತ್ತು ವರ್ಷ ಆಯ್ತು ನಿನ್ನ ಧ್ವನಿ ಕೇಳಕ್ಕೆ ಶುರು ಮಾಡಿ, ನಂಗೆ ಗೊತ್ತಾಗಲ್ವಾ?"

ಮಾವ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಸುಳ್ಳು ಮಾತ್ರ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿತ್ತು. ಇನ್ನೇನು ಅತ್ತೆ ಉಸಿರೆಳೆದುಕೊಂಡು ಬೀದಿಗೆಲ್ಲಾ ಕೇಳುವಂತೆ ಬೈಯುತ್ತಾರೆ, ಆಮೇಲೆ ತಮಾಷೆ ಎಂದು ಹೇಳಿ ಕಾಲಿಗೆ ಬಿದ್ದರಾಯಿತು ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಒಳಗೆ ಕೈ ಹಾಕಿ ಬಿರಿದ ಗೆರೆಯನ್ನು ಬೆರಳಿನಲ್ಲಿ ಸವರಿದರು. ಪಕ್ಕದ ನಟ್ಟಿಗೆ ರೆಂಚ್ ಇಡಿಸಿ ನೋಡಿದರು, ಅದರ ಪಕ್ಕದ್ದಕ್ಕೂ. ಅವೆರಡೂ ಐವತ್ತು.

"ಇರಬಹುದು," ಎಂದರು. "ನಾನೇ ಹೇಳಿರ್ತೀನಿ."

ಮನೆಯೊಳಗೆ ಹೋದರು. ಬೈದಿದ್ದರೆ ಹೇಳಿಬಿಡುತ್ತಿದ್ದೆ, ಬೈಯದ ಅತ್ತೆಯ ಎದುರು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ನಮ್ಮಜ್ಜಿ, ಅಂದರೆ ಅತ್ತೆಯ ಅಮ್ಮ, ಕೊನೆಗಾಲದಲ್ಲಿ ಎಲ್ಲವನ್ನೂ ಮರೆತಿದ್ದರು. ಶುರುವಾದದ್ದು ಹೀಗೆಯೇ: ಹೇಳಿದ್ದನ್ನು ಹೇಳಿಲ್ಲ ಎನ್ನುವುದು. ಅಜ್ಜಿಯನ್ನು ನೋಡಿಕೊಂಡವರು ಅತ್ತೆ. ಕೊನೆಕೊನೆಗೆ ಅಜ್ಜಿ ಅವರನ್ನು "ನೀವು ಯಾರ ಮನೆಯವರಮ್ಮ?" ಎಂದು ಕೇಳುತ್ತಿದ್ದರಂತೆ.

ವಾರದ ನಡುವೆ ಮಾವ ಬನಶಂಕರಿಯ ನಮ್ಮ ಮನೆಗೆ ಬಸ್ಸು ಹತ್ತಿ ಬಂದರು. ಮುಖ ಬಿಳಿಚಿಕೊಂಡಿತ್ತು. ಅಪ್ಪ ಗಾಬರಿಯಾಗಿ ಎದ್ದರು.

"ಏನಾಯ್ತು ಭಾವ?"

"ನಿಮ್ಮಕ್ಕ ನಿನ್ನೆ ನಂಗೆ ಥ್ಯಾಂಕ್ಸ್ ಅಂದ್ಳು ಕಣಯ್ಯ!"

ಅಪ್ಪ ಕೂತುಬಿಟ್ಟರು. ಮಾವ ಒಂದೊಂದಾಗಿ ಹೇಳಿದರು. ಗೇಟಿನ ಮುಂದೆ ಟೆಂಪೋ ನಿಂತಿತ್ತಂತೆ. ಅತ್ತೆ, "ಪರವಾಗಿಲ್ಲ, ಆಮೇಲೆ ತೆಗೀರಿ," ಎಂದರಂತೆ. ಟೆಂಪೋದವನೇ ಹೆದರಿ ಹೋದನಂತೆ. ಮೂರು ಸಲ, "ಗ್ಯಾಸ್ ಆಫ್ ಮಾಡಿದ್ನಾ ನೋಡ್ರಿ," ಎಂದು ಕಳಿಸಿದರಂತೆ. ಕೊನೆಗೆ, "ವಿಮಾನ ಕೊಟ್ಟುಬಿಡೋಣ. ಒಂದು ನಟ್ಟಿನ ಲೆಕ್ಕ ತಪ್ಪು ಹೇಳಿ, ಹೇಳಿದ್ದನ್ನೂ ಮರೆತವಳು, ಮೇಲೆ ಹೋಗಿ ಏನು ಮರೀತಾಳೋ," ಎಂದರಂತೆ. ಕೊಳ್ಳುವವನು ಭಾನುವಾರ ನೋಡಲು ಬರುತ್ತಾನಂತೆ.

"ಜೋರಾಗಿ ಮಾತಾಡಿಬಿಟ್ಟೆ ಕಣೋ ನಾನು," ಎಂದು ಮಾವ ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ಯಲ್ಲ. ನಂಗ್ಯಾಕೆ ಬೇಕಿತ್ತು? ಕಿವಿ ಕೇಳ್ಸಲ್ಲ ಅಂದಿದ್ರೆ ಮುಗೀತಿತ್ತು."

ನನಗೆ ನನ್ನ ಮೇಲೆ ಎಂಥ ಕೋಪ ಬಂತೆಂದರೆ, ನನ್ನನ್ನು ಬೈಯಲು ಅತ್ತೆಯ ಧ್ವನಿಯೇ ಬೇಕಾಯಿತು. ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಅವರ ಧ್ವನಿಯಲ್ಲೇ ಬೈದುಕೊಂಡೆ. ಹೊರಗಿನಿಂದ ಅಪ್ಪ, "ಅಕ್ಕ ಬಂದ್ಳಾ?" ಎಂದರು.

ಆಗಲೇ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜೆ.ಪಿ. ನಗರಕ್ಕೆ ಹೊರಟೆ. ದಾರಿಯಲ್ಲಿ ಹೇಳಲಾಗಲಿಲ್ಲ. ಮಾವ ಹೆಲ್ಮೆಟ್ಟಿನ ಒಳಗಿನಿಂದ, "ಮೆಲ್ಲಗೆ ಹೋಗೋ," ಎನ್ನುತ್ತಿದ್ದರು.

ಅತ್ತೆ ಶೆಡ್ಡಿನಲ್ಲಿ ಹಳೆಯ ಸೀರೆಯ ತುಂಡಿನಿಂದ ಬಾಲ ಒರೆಸುತ್ತಿದ್ದರು. ಮಾವ ನೇರ ಮನೆಯೊಳಗೆ ಹೋದರು.

"ಬಾಪ್ಪ," ಎಂದರು ಅತ್ತೆ. ಬಾಪ್ಪ! "ಕಾಫಿ ಕುಡೀತೀಯಾ?"

ಹೇಳಬೇಕೆಂದು ಬಾಯಿ ತೆರೆದೆ. ಸ್ವಂತ ಧ್ವನಿ ಎಲ್ಲಾ ಇಂಟರ್ವ್ಯೂಗಳಲ್ಲಿ ಕೈಕೊಟ್ಟಂತೆ ಅಲ್ಲಿಯೂ ಕೈಕೊಟ್ಟಿತು. ಗೊತ್ತಿದ್ದದ್ದು ಒಂದೇ ದಾರಿ. ಮೂಗಿನಿಂದ ಉಸಿರೆಳೆದುಕೊಂಡು, ಮನೆಯ ಕಡೆ ಮುಖ ಮಾಡಿ ಕೂಗಿದೆ:

"ಗೆರೆ ಎಳೀರಿ!"

ಮನೆಯೊಳಗಿನಿಂದ ಮಾವ ಕುಂಚ, ಕೆಂಪು ಬಣ್ಣದ ಡಬ್ಬಿ ಹಿಡಿದು ಓಡಿಬಂದರು. ಒಂದು ಕಾಲಿಗೆ ಮಾತ್ರ ಚಪ್ಪಲಿ.

"ಯಾವುದಕ್ಕೆ? ಯಾವ ನಟ್ಟು?"

"ನಾನು ಕರೀಲಿಲ್ಲ," ಎಂದರು ಅತ್ತೆ.

"ಈಗ ತಾನೆ ಗೆರೆ ಎಳೀರಿ ಅಂದ್ಯಲ್ಲೇ!"

ಅತ್ತೆ ಮಾವನನ್ನು ನೋಡಿದರು. ನನ್ನನ್ನು ನೋಡಿದರು. ನಾನು ಇನ್ನೊಮ್ಮೆ, ಮೆಲ್ಲಗೆ, ಅವರದೇ ಧ್ವನಿಯಲ್ಲಿ, "ಐವತ್ತು," ಎಂದೆ. "ಕೈ ನಡುಗಿಸಬೇಡ್ರೀ."

ಅತ್ತೆಯ ಕೈಯಿಂದ ಸೀರೆಯ ತುಂಡು ಜಾರಿತು. ಅವರು ರೆಕ್ಕೆಯಿಲ್ಲದ ಆ ವಿಮಾನದ ಮೈಗೆ ಒರಗಿ ಕಣ್ಣು ಮುಚ್ಚಿದರು. "ನಾನು ಹೇಳಿರಲಿಲ್ಲ," ಎಂದರು, ತಮಗೆ ತಾವೇ. "ನಾನು ಮರೆತಿರಲಿಲ್ಲ." ಆಮೇಲೆ ಮೂಗಿನಿಂದ ಒಂದು ಉಸಿರು ಎಳೆದುಕೊಂಡರು. ನನ್ನ ನಕಲು ಎಷ್ಟು ಬಡಕಲು ಎಂದು ಅವತ್ತು ಗೊತ್ತಾಯಿತು. ಮೂಲ ಪ್ರತಿ ಎಂದರೆ ಅದು! ಕೆರೆಯ ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದವರು ನಿಂತರು. ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತಂತೆ. ನಾನು, ನಮ್ಮಪ್ಪ, ನನಗೆ ಡಿಗ್ರಿ ಕೊಟ್ಟವರು, ಬಿಟಿಎಂ ಲೇಔಟು, ಯಾರೂ ಉಳಿಯಲಿಲ್ಲ. ಮಾವ ಕುಂಚ ಹಿಡಿದುಕೊಂಡೇ ನಿಂತು ಕೇಳುತ್ತಿದ್ದರು, ಬೆಳಗಿನ ರೇಡಿಯೋ ಸಂಗೀತ ಕೇಳುವಂತೆ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಕನ್ನಡಕದ ಜೊತೆಗೆ ಕಣ್ಣನ್ನೂ.

ನಡುವೆ ಕೊಳ್ಳುವವನ ಫೋನ್ ಬಂತು. "ಕೊಡಲ್ಲ! ನಿಮಗೆ ನಟ್ಟು ಬಿಗಿಯೋಕೆ ಬರುತ್ತಾ ಮೊದಲು?" ಎಂದು ಅವನಿಗೂ ಅದರಲ್ಲೇ ಒಂದು ಪಾಲು ಬಿತ್ತು.

"ಈಗ ಹೇಳು," ಎಂದರು ಅತ್ತೆ, ನನ್ನ ಕಿವಿ ಹಿಡಿದು ಬಾಲದ ಬಳಿ ಎಳೆದುಕೊಂಡು ಹೋಗಿ. "ಎಲ್ಲಿಂದ ಎಲ್ಲಿವರೆಗೆ ನೀನು ಕೂಗಿದ್ದು?"

ನಾನು ನೋಡಿದೆ. ಗೆರೆ ಬಿರಿದ ಮೂರು ಬಿಟ್ಟರೆ ಎಲ್ಲ ನಟ್ಟುಗಳೂ ಒಂದೇ ಥರ, ಎಲ್ಲಕ್ಕೂ ಒಂದೇ ಕೆಂಪು ಗೆರೆ.

"ಮರೆತುಹೋಯ್ತು ಅತ್ತೆ."

ಮಾವ ಮೊದಲು ನಕ್ಕರು. ಅತ್ತೆಗೆ ನಗು ಬಂತೋ ಇಲ್ಲವೋ ಹೇಳಲಾರೆ. ಅವರು ಆ ಕಡೆ ತಿರುಗಿ ಹೊಸ ನಟ್ಟುಗಳ ಪೊಟ್ಟಣ ಹುಡುಕುತ್ತಿದ್ದರು. ಇಡೀ ಬಾಲದ ನಟ್ಟುಗಳನ್ನು ಬಿಚ್ಚಬೇಕಾಯಿತು. ಒಂದೊಂದನ್ನೂ ನಾನೇ ಕಲ್ಲಿನ ಮೇಲಿಟ್ಟು ಕುಟ್ಟಿದೆ. ಹೊಸದು ಹಾಕಿ, ಮುಳ್ಳು ನೋಡಿ, ಮೊಂಡಾಟ ಎಷ್ಟೆಂದು ಕೂಗಿ, ಕೂಡಿಸಿದ ಮೊತ್ತಕ್ಕೆ ಬಿಗಿದೆ. ಈ ಸಲ ಬಾಲದೊಳಗಿನ ಅರ್ಧ ಮನುಷ್ಯ ನಾನು. ಒಳಗೆ ಸೆಖೆ, ಕತ್ತು ನೋವು, ಮೂಗಿನ ಮೇಲೆ ಕೆಂಪು ಬಣ್ಣ. ಹೊರಗಿನಿಂದ ಅತ್ತೆ ಬೋಲ್ಟಿನ ತಲೆ ಹಿಡಿದು ಬೈಯುತ್ತಲೇ ಇದ್ದರು. ತಪ್ಪೊಪ್ಪಿಕೊಂಡವನಿಗೂ ಒಂದು ಮಿತಿ ಇರುತ್ತದಲ್ಲ? ನನಗೂ ರೇಗಿತು. ಒಳಗಿನಿಂದಲೇ ಕೂಗಿದೆ:

"ಸಾಕು ಅತ್ತೆ! ಆಣೆ ಇಟ್ಟು ಹೇಳ್ತೀನಿ, ಇನ್ಮೇಲೆ ಜನ್ಮದಲ್ಲಿ ನಿಮ್ಮ ಧ್ವನಿ ಮಾಡಲ್ಲ. ಆಯ್ತಾ?"

ಹೊರಗೆ ಸ್ಪ್ಯಾನರಿನ ಸದ್ದು ನಿಂತಿತು. ತೂತಿನಿಂದ ಪುಟ್ಟ ಕನ್ನಡಿ ಒಳಗೆ ಬಂತು. ಅದರಲ್ಲಿ ಅತ್ತೆಯ ಒಂದು ಕಣ್ಣು ಮಾತ್ರ ಕಾಣುತ್ತಿತ್ತು, ಕೆಂಪಗೆ, ತೇವವಾಗಿ.

"ಮಾಡಲ್ವಂತೆ! ನಾನು ನಿಜವಾಗ್ಲೂ ಮರೆಯೋಕೆ ಶುರು ಮಾಡಿದ ದಿನ, ನನ್ನ ಧ್ವನೀಲಿ ನನ್ನನ್ನ ಬೈಯೋರು ಯಾರೋ, ನಿಮ್ಮಪ್ಪನಾ? ಮುಚ್ಕೊಂಡು ಪ್ರಾಕ್ಟೀಸ್ ಮಾಡು!"